ಆರನೆಯ ಕೋಟು

ಎದುರುಮನೆಯ ಕಾರಿನ ಹಿಂಭಾಗ ನೋಡಿ ಕನ್ನಡಕದಣ್ಣನ ಹೆಂಡತಿ "ಎಷ್ಟು ಗಂಭೀರವಾಗಿದೆ ನೋಡ್ರಿ" ಅಂದದ್ದೇ ತಪ್ಪಾಯಿತು. ಆಕೆ ಒಂದು ಮಾತು ಆಡಿ ಒಳಗೆ ಹೋದಳು. ಇವನು ಅಲ್ಲೇ ನಿಂತ.

ಆ ಕಾರಿನ ಹಿಂದಿನ ಲೈಟುಗಳಿಗೆ ತೆಳ್ಳಗೆ ಕಪ್ಪು ಬಣ್ಣ ಕೂರಿಸಿದ್ದರು. ಸುಮ್ಮನಿದ್ದಾಗ ಕಪ್ಪು, ಬ್ರೇಕ್ ಒತ್ತಿದರೆ ಒಳಗಿನಿಂದ ಕೆಂಡದ ಹಾಗೆ ಕೆಂಪು. ಕನ್ನಡಕದಣ್ಣ ಇಪ್ಪತ್ತು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವನು. ತಂಪು ಕನ್ನಡಕ ಬೇಕು ಅಂದವರಿಗೆ ಎಷ್ಟು ಕಪ್ಪು ಬೇಕೋ ಅಷ್ಟೇ ಕೊಟ್ಟು ಭೇಷ್ ಅನ್ನಿಸಿಕೊಂಡವನು.

"ಮನುಷ್ಯರ ಕಣ್ಣಿಗೇ ಕಪ್ಪು ಕೂರಿಸ್ತೀನಿ, ಕಾರಿನ ಕಣ್ಣು ಯಾವ ಮಹಾ?" ಅಂದ.

"ನಮ್ಮ ಹತ್ರ ಇರೋ ಕಾರು ನಮ್ಮಣ್ಣಂದು ಅನ್ನೋದು ನೆನಪಿರಲಿ" ಅಂತ ಹೆಂಡತಿ ಒಳಗಿನಿಂದಲೇ ಹೇಳಿದಳು.

ಅದು ನಿಜ. ಅವಳಣ್ಣ, ಅಂದರೆ ಇವನ ಭಾವ, ದೊಡ್ಡದೊಂದು ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವ ಮನುಷ್ಯ. ಮೊಳೆಯಿಂದ ಹಿಡಿದು ಏಣಿಯ ತನಕ ಎಲ್ಲದಕ್ಕೂ ಸೂಜಿಯಲ್ಲಿ ನಂಬರು ಕೆತ್ತುವುದು, ಕೆಟ್ಟುಹೋದ ಸಾಮಾನಿನ ಮೇಲೆ 'ನಿರುಪಯುಕ್ತ' ಅಂತ ಬರೆದು ಇದ್ದ ಜಾಗದಲ್ಲೇ ಇಡುವುದು ಅವನ ಕೆಲಸ. ಕೆಲಸ ಮುಗಿಸಿ ಮನೆಗೆ ಬಂದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ತಂಗಿಗೆ ಕೊಟ್ಟ ಬಕೆಟ್ಟು, ಸೌಟು, ಗೋಡೆಯ ಕನ್ನಡಿ ಎಲ್ಲದರ ಮೂಲೆಯಲ್ಲೂ ಅವನ ನಂಬರಿತ್ತು. ಕಳೆದ ವರ್ಷ ಹೊಸ ಕಾರು ತೆಗೆದುಕೊಂಡಾಗ, ಅದೂ ಹಳೆಯದರ ಕಂಪನಿಯದೇ, ಅದೇ ಮಾಡೆಲ್ಲೇ, ಹಳೆಯದನ್ನು ಇವರಿಗೆ ಓಡಿಸಲು ಕೊಟ್ಟಿದ್ದ. ಕೊಡುವಾಗ ಒಂದೇ ಷರತ್ತು: "ಒಂದು ಸಾಮಾನು ಏರುಪೇರಾದರೂ ಕಾರು ವಾಪಸ್ಸು."

ಕಾರು ಬರುವ ಮುಂಚೆ ಕನ್ನಡಕದಣ್ಣ ಏಳು ನಲವತ್ತರ ಬಸ್ಸಿನಲ್ಲಿ ಹೋಗುತ್ತಿದ್ದ. ಹೋಗುತ್ತಿದ್ದ ಅನ್ನುವುದಕ್ಕಿಂತ ಬೇರೆಯವರ ಚೀಲಗಳ ನಡುವೆ ಸಿಕ್ಕಿಕೊಂಡು ತಲುಪುತ್ತಿದ್ದ ಅನ್ನಬೇಕು. ನಲವತ್ತಾರನೆಯ ವಯಸ್ಸಿಗೆ ಮೊದಲ ಸಲ ತನ್ನದು ಅಂತ ಒಂದು ಸೀಟು ಸಿಕ್ಕಿತ್ತು. ದಿನಾ ಸಂಜೆ ಕಾರು ನಿಲ್ಲಿಸಿದ ಮೇಲೂ ಎರಡು ನಿಮಿಷ ಸುಮ್ಮನೆ ಅದರಲ್ಲಿ ಕೂತಿರುತ್ತಿದ್ದ. ಅಷ್ಟು ಪ್ರೀತಿ. ಹಾಗಿದ್ದ ಮೇಲೆ ಮುಟ್ಟದೆ ಇರಬೇಕಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡ.

ರಜೆಯ ದಿನ ಬೆಳಿಗ್ಗೆ ಎಂಟಕ್ಕೆ, ಲೈಟಿನ ಸುತ್ತ ಹಳೆಯ ಪೇಪರು ಅಂಟಿಸಿ, ಬಣ್ಣದ ಡಬ್ಬ ಕುಲುಕಿ, ಮೊದಲ ಕೋಟು ಹೊಡೆದ. ನಿಜಕ್ಕೂ ಚೆನ್ನಾಗಿ ಬಂತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಹಲ್ಲುಜ್ಜುತ್ತಾ ಗೇಟಿಗೆ ಬಂದರು. ನಿವೃತ್ತರಾಗಿ ಆರು ವರ್ಷವಾಗಿತ್ತು. ತಿದ್ದಲು ಏನೂ ಸಿಗದೆ ಒದ್ದಾಡುತ್ತಿದ್ದರು.

"ಶೇಡು ಸಾಲದು" ಅಂದರು.

ಎರಡನೆಯ ಕೋಟು ಬಿತ್ತು.

"ಎಡಗಡೇದು ಬಲಗಡೇದಕ್ಕಿಂತ ತೆಳುವಾಯ್ತಲ್ಲ!"

ಎಡಕ್ಕೆ ಮೂರನೆಯದು ಬಿತ್ತು. ಆಗ ಬಲಗಡೆಯದು ತೆಳುವಾಯಿತು. ಮಹಡಿ ಮನೆಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಬಂದವರು ಮೆಟ್ಟಿಲ ಮೇಲೇ ಕೂತರು. "ಎರಡೂ ಸಮ ಇರ್ಬೇಕಪ್ಪಾ, ಇಲ್ಲಾಂದ್ರೆ ಒಂದು ಕಣ್ಣು ಊದಿಕೊಂಡ ಹಾಗೆ ಕಾಣುತ್ತೆ" ಅಂದರು. ಹೀಗೆ ಸಮ ಮಾಡುತ್ತಾ ಮಾಡುತ್ತಾ ಆರು ಕೋಟಾಯಿತು. ಡಬ್ಬ ಖಾಲಿಯಾದ್ದರಿಂದ ಏಳನೆಯದು ಬೀಳಲಿಲ್ಲ.

ಕನ್ನಡಕದಣ್ಣ ಕಾರಿನಲ್ಲಿ ಕೂತು ಬ್ರೇಕಿನ ಮೇಲೆ ಕಾಲಿಟ್ಟ. ಮೇಷ್ಟ್ರು ಹಿಂದೆ ನಿಂತರು.

"ಒತ್ತಿ" ಅಂದರು.

"ಒತ್ತಿದ್ದೀನಿ ಮೇಷ್ಟ್ರೇ."

"ಸರಿಯಾಗಿ ಒತ್ತಿ."

"ಪೂರ್ತಿ ಒತ್ತಿದ್ದೀನಿ."

"ಹಾಗಾದ್ರೆ ಈಗ ಬಿಡಿ." ಬಿಟ್ಟ. "ಬಿಟ್ರಾ?"

"ಬಿಟ್ಟೆ."

"ಏನೂ ವ್ಯತ್ಯಾಸ ಇಲ್ಲ" ಅಂತ ಮೇಷ್ಟ್ರು ತೀರ್ಪು ಕೊಟ್ಟರು. "ಕರಿಹಲಗೆ ಅಂದ್ರೆ ಕರಿಹಲಗೆ. ನಾನು ಮೊದಲನೇ ಕೋಟಿಗೇ ಸಾಕು ಅಂದಿದ್ದೆ."

ಕನ್ನಡಕದಣ್ಣ ಅವರ ಮುಖ ನೋಡಿದ. ಮೇಷ್ಟ್ರು ಹಲ್ಲುಜ್ಜುವುದನ್ನು ಮುಂದುವರಿಸಿದರು.

ಅಷ್ಟರಲ್ಲಿ ಹೆಂಡತಿ ಫೋನು ಹಿಡಿದುಕೊಂಡು ಹೊರಗೆ ಬಂದಳು. ಭಾವನ ಕರೆ. ಕನ್ನಡಕದಣ್ಣ ಕಿವಿಗಿಟ್ಟುಕೊಂಡ. "ಸಂಜೆ ಐದಕ್ಕೆ ಬರ್ತೀನಿ. ಕಾರು ಮನೇಲೇ ಇರಲಿ, ಸ್ವಲ್ಪ ನೋಡೋದಿದೆ."

"ಏನು ವಿಷಯ ಭಾವ?"

"ಬಂದು ಹೇಳ್ತೀನಿ. ನನ್ನ ಕಾರು ಹೊರಗೆ ತೆಗೆದು ಮೂರು ದಿನ ಆಯ್ತು. ಬಸ್ಸಿನಲ್ಲೇ ಬರ್ತೀನಿ."

ಕನ್ನಡಕದಣ್ಣನ ಕಿವಿಗೆ ಬಸ್ಸು ಅನ್ನುವ ಒಂದೇ ಪದ ಬಿತ್ತು.

ಬಾವಿಗೆ ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುವ ಹಾಗೆ ಉಪಾಯಗಳು ಬಂದವು. ಮೇಷ್ಟ್ರು ಸೀಮೆಎಣ್ಣೆ ಅಂದರು; ಲೈಟಿಗೆ ವಾಸನೆ ಹತ್ತಿತು, ಬಣ್ಣ ಬಿಡಲಿಲ್ಲ. ನರ್ಸಮ್ಮ ಸ್ಪಿರಿಟ್ಟು, ಹತ್ತಿ ತಂದು ಗಾಯ ಒರೆಸಿದ ಹಾಗೆ ಮೆತ್ತಗೆ ಒರೆಸಿದರು. ಹತ್ತಿ ಅಂಟಿಕೊಂಡು ಲೈಟಿಗೆ ಗಡ್ಡ ಬಂತು. ಹೆಂಡತಿ ಪಾತ್ರೆ ಉಜ್ಜುವ ನಾರು ತಂದಳು. ಗಡ್ಡ ಹೋಯಿತು, ಕಪ್ಪು ಮಾತ್ರ ಹಾಗೇ ಉಳಿಯಿತು.

"ಗುಜರಿಗೆ ಹೋಗ್ರಿ" ಅಂದಳು ಕೊನೆಗೆ. "ಇದೇ ಮಾಡೆಲ್ಲಿನ ಲೈಟು ಸಿಕ್ಕರೆ ಬದಲಾಯಿಸಿಬಿಡಿ. ಅಣ್ಣನಿಗೆ ಗೊತ್ತಾಗೋದಾದ್ರೆ ಗೊತ್ತಾಗಲಿ, ನಾಳೆ ಗೊತ್ತಾಗಲಿ."

ಗುಜರಿ ಅಂಗಡಿಯವನು ತಗಡಿನ ರಾಶಿಯ ಮೇಲೆ ಕೂತು ಊಟ ಮಾಡುತ್ತಿದ್ದ. ಕೇಳಿದ್ದೇ ತಡ, ಎಡಗೈಯನ್ನು ಬೆನ್ನ ಹಿಂದೆ ಚಾಚಿ, ನೋಡದೆಯೇ ಒಂದು ಜೊತೆ ಎತ್ತಿ ಕೊಟ್ಟ. ಒಂದು ಗೀರಿಲ್ಲ, ಬಿರುಕಿಲ್ಲ.

"ಹೊಸದರ ಹಾಗಿದೆಯಲ್ಲಪ್ಪಾ!"

"ನಿಮ್ಮ ಅದೃಷ್ಟ ಸಾರ್. ಮೊನ್ನೆ ತಾನೇ ಬಂತು."

ತನಗೂ ಒಂದು ಅದೃಷ್ಟ ಇದೆ ಅಂತ ಯಾರೋ ಹೇಳಿದ್ದು ಕನ್ನಡಕದಣ್ಣನಿಗೆ ಅದೇ ಮೊದಲು. ಚೀಟಿ ಕೇಳುವುದನ್ನೂ ಮರೆತು ಓಡಿದ. ಡಿಕ್ಕಿಯೊಳಗೆ ಬೆನ್ನು ಬಾಗಿಸಿ ನಟ್ಟು ಬಿಚ್ಚಿ, ಹೊಸ ಲೈಟು ಕೂರಿಸಿ, ವೈರು ಸಿಕ್ಕಿಸಿ, ಕಪ್ಪು ಜೋಡಿಯನ್ನು ಟವೆಲ್ಲಿನಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದಾಗ ನಾಲ್ಕೂಮುಕ್ಕಾಲು. ಬ್ರೇಕ್ ಒತ್ತಿದ. ಗೋಡೆಯೆಲ್ಲ ಕೆಂಪಾಯಿತು. ಕಣ್ಣಲ್ಲಿ ನೀರೇ ಬಂತು ಪಾಪ.

ಐದಕ್ಕೆ ಭಾವ ಬಂದ. ಚಪ್ಪಲಿ ಬಿಡಲಿಲ್ಲ, ಒಳಗೆ ಬರಲಿಲ್ಲ, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಸೀದಾ ಕಾರಿನ ಹಿಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತ.

"ಕಾಫಿ ಕುಡಿಯಿರಿ ಭಾವ, ಆಮೇಲೆ..."

"ಇರಿ ಇರಿ. ಮೂರು ದಿನದ ಹಿಂದೆ ನನ್ನ ಹೊಸ ಕಾರಿನ ಹಿಂದಿನ ಲೈಟು ಎರಡನ್ನೂ ಯಾವನೋ ಬಿಚ್ಕೊಂಡು ಹೋದ. ಠಾಣೆಗೆ ಹೋಗಿ ನಂಬರು ಕೆತ್ತಿದ್ದೆ ಅಂದೆ. ಹೇಗೆ ಕೆತ್ತಿದ್ರಿ, ಮಾದರಿ ತೋರಿಸಿ ಅಂದ್ರು. ಹಳೇ ಕಾರಿನದೂ ನನ್ನ ಕೈಯಕ್ಷರಾನೇ ಅಲ್ವಾ, ಪಡಿಯಚ್ಚು ತೊಗೊಂಡು ಹೋಗೋಣ ಅಂತ ಬಂದೆ."

ಭಾವ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ. ಮೂಡಿದ ನಂಬರನ್ನು ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ.

"ಹಳೇ ಕಾರಿನ ಸಾಮಾನಿಗೆಲ್ಲ ಒಂದರಿಂದ ಶುರು ಮಾಡ್ತೀನಿ" ಅಂದ ನಿಧಾನವಾಗಿ. "ಇದು ಎರಡರಿಂದ ಶುರುವಾಗಿದೆ. ಇವು ನನ್ನ ಹೊಸ ಕಾರಿನ ಲೈಟು."

ಕಾಂಪೌಂಡಿನ ಆಚೆ ಮೇಷ್ಟ್ರು ಹೂಕುಂಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿದರು. ನರ್ಸಮ್ಮ ಮೆಟ್ಟಿಲಿಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಕನ್ನಡಕದಣ್ಣ ತನಗೇ ತಿಳಿಯದೆ ಹೆಗಲು ಒರೆಸಿಕೊಂಡ.

"ಗುಜರೀಲಿ ತಂದದ್ದು ಭಾವ, ಆಣೆಗೂ!"

"ಚೀಟಿ?"

"ಇಲ್ಲ."

"ಸರಿ. ಈ ಕಾರಿನಲ್ಲಿ ಲೈಟು ಇತ್ತಲ್ಲ, ಗುಜರಿಗೆ ಯಾಕೆ ಹೋದ್ರಿ?"

"ರೀ, ನಂಬರು ಕಾಣಲಿಲ್ವೇನ್ರಿ ನಿಮಗೆ? ಕನ್ನಡಕದ ಅಂಗಡೀಲಿ ಇದ್ದೀರಿ!" ಅಂತ ಹೆಂಡತಿ ಹಣೆ ಚಚ್ಚಿಕೊಂಡಳು.

"ಕಾಣ್ತು ಕಣೇ. ನಮ್ಮನೇಲಿ ಸೌಟಿಗೂ ನಂಬರಿದೆ. ಇರ್ತದಲ್ಲ ಅಂದ್ಕೊಂಡೆ."

ಭಾವ ಉತ್ತರಕ್ಕಾಗಿ ಕಾಯುತ್ತಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಕಳ್ಳ, ಬಾಯಿ ಬಿಟ್ಟರೆ ಪೆದ್ದ. ಪೆದ್ದನಾಗುವುದೇ ವಾಸಿ ಅಂತ ಕನ್ನಡಕದಣ್ಣ ಒಳಗೆ ಹೋದ. ಮಂಚದ ಕೆಳಗೆ ತೂರಿ, ಟವೆಲ್ಲಿನ ಗಂಟನ್ನು ತಂದು ಭಾವನ ಮುಂದಿಟ್ಟು ಬಿಚ್ಚಿದ.

ಭಾವ ಒಂದನ್ನೆತ್ತಿ ಉಗುರಿನಿಂದ ಕೆರೆದು ನೋಡಿದ.

"ಎಷ್ಟು ಕೋಟು?" ಅಂತ ಭಾವ ಕೇಳಿದ.

"ಆರು."

"ನಾನು ಸಾಕು ಅಂದೆ" ಅಂದರು ಮೇಷ್ಟ್ರು.

ಭಾವ ಆ ಜೋಡಿಯನ್ನು ಬೆಳಕಿಗೆ ಹಿಡಿದ. ಆಮೇಲೆ, "ನೀವು ಕಳ್ಳರಲ್ಲ ಬಿಡಿ. ಕಳ್ಳನಿಗೆ ಕೈಕೆಲಸ ಗೊತ್ತಿರುತ್ತೆ" ಅಂದ. "ನಾಳೆ ಆ ಗುಜರಿಯವನನ್ನ ತೋರಿಸಿ, ಸಾಕು."

ಕನ್ನಡಕದಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. "ಹಾಗಾದ್ರೆ ಕಾರು ವಾಪಸ್ಸು ತೊಗೊಳಲ್ವಾ ಭಾವ?" ಅಂದ, ಸಣ್ಣ ದನಿಯಲ್ಲಿ.

"ಹೇಗೆ ತೊಗೊಳ್ಳಲಿ? ನಮ್ಮ ಉಗ್ರಾಣದ ಕ್ರಮದಲ್ಲಿ ಕೆಟ್ಟ ಸಾಮಾನು ಇರೋ ಗಾಡೀನ ವಾಪಸ್ಸು ತೊಗೊಳ್ಳೋ ಹಾಗಿಲ್ಲ. ಇಲ್ಲೇ ಇರಲಿ."

ಗೆದ್ದೆ ಅಂದುಕೊಂಡ. ಭಾವ ಹೊಸ ಲೈಟುಗಳನ್ನು ಬಿಚ್ಚಿ, ಒರೆಸಿ, ತನ್ನ ಚೀಲಕ್ಕೆ ಹಾಕಿಕೊಂಡ. ಆಮೇಲೆ ಜೇಬಿನಿಂದ ಸೂಜಿ ತೆಗೆದ. ಕಪ್ಪು ಲೈಟುಗಳನ್ನು ತೊಡೆಯ ಮೇಲಿಟ್ಟುಕೊಂಡು, ನಾಲಗೆ ಕಚ್ಚಿ ಹಿಡಿದು, ದಪ್ಪ ಅಕ್ಷರದಲ್ಲಿ ಎರಡರ ಮೇಲೂ ಏನೋ ಕೆತ್ತಿದ. ಕೆಟ್ಟದ್ದು ಇದ್ದ ಜಾಗದಲ್ಲೇ ಇರಬೇಕು ಅನ್ನುವ ಕ್ರಮ ತಪ್ಪದೆ, ಅವನೇ ಕಾರಿಗೆ ಕೂರಿಸಿ ವೈರು ಸಿಕ್ಕಿಸಿದ.

"ಬ್ರೇಕ್ ಒತ್ತಿ ನೋಡೋಣ" ಅಂದ.

ಕನ್ನಡಕದಣ್ಣ ತನ್ನ ಸೀಟಿನಲ್ಲಿ ಕೂತು ಒತ್ತಿದ. ಸೂಜಿ ಬಣ್ಣ ಕೆರೆದಲ್ಲೆಲ್ಲ ಬೆಳಕು ಬಂತು. ಕಪ್ಪು ಹಲಗೆಯ ಮೇಲೆ, ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಕೆಂಡದ ಹಾಗೆ ಕೆಂಪಗೆ 'ನಿರುಪಯುಕ್ತ' ಅಂತ ಹೊತ್ತಿಕೊಂಡಿತು.

"ಅಕ್ಷರ ದುಂಡಗಿದೆ" ಅಂದರು ಮೇಷ್ಟ್ರು.

"ಬೀದಿ ತುದಿಗೂ ಕಾಣುತ್ತೆ" ಅಂದರು ನರ್ಸಮ್ಮ.

"ಕಾಲು ತೆಗೀರಿ ಸಾಕು" ಅಂದಳು ಹೆಂಡತಿ.

ಮರುದಿನ ಏಳು ನಲವತ್ತರ ಬಸ್ಸಿನಲ್ಲಿ ಕಂಡಕ್ಟರು ಅವನ ಗುರುತು ಹಿಡಿದ. "ಏನ್ ಸಾರ್, ಕಾರು ಹೋಯ್ತಾ?" ಅಂದ.

"ಇಲ್ಲಪ್ಪ, ಮನೇಲೇ ಇದೆ" ಅಂದ ಕನ್ನಡಕದಣ್ಣ, ಯಾರದೋ ಚೀಲದ ಸಂದಿನಿಂದ.