ಎಡಗಾಲಿನ ಮೇಲೆ ಬಂದ ಆಪಾದನೆ

ಸುಮ್ಮನೆ ಓಡುವ ಗಾಡಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದು ಸ್ವಲ್ಪ ನಡುಗಿತೋ, ದಾರಿಹೋಕರೂ ವೈದ್ಯರಾಗಿಬಿಡುತ್ತಾರೆ. ಓಡಿಸುವವಳು ಹೆಂಗಸಾಗಿದ್ದರಂತೂ ಗಾಡಿಯನ್ನು ಬಿಟ್ಟು ಅವಳ ನಾಡಿಯನ್ನೇ ಹಿಡಿಯುತ್ತಾರೆ. ನನಗೆ ಇಂಥವು ಆಗುತ್ತಲೇ ಇರುತ್ತವೆ. ಈಚೆಗೆ ಆದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಹೊಸ ಕ್ಲಚ್ಚು

ನಾನು ಅರಕೇರಾದ ಹತ್ತಿರದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಮನೆ ರಾಯಚೂರಿನಲ್ಲಿ. ಬಸ್ಸಿನ ಹಿಂದೆ ಓಡಿ ಓಡಿ ಸಾಕಾಗಿ, ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು ಹಳೆಯ ಕಾರೊಂದನ್ನು ಕೊಂಡೆ. ನಮ್ಮ ಶಾಲೆಯ ಹಿಂದಿ ಮಾಸ್ತರು ಮತ್ತು ಪಿ.ಟಿ. ಮಾಸ್ತರು ದಿನಾ ನನ್ನ ಜೊತೆ ಬರುತ್ತಾರೆ.

ಕ್ಲಚ್ಚು ಸವೆದು ಗಾಡಿ ಏರು ಹತ್ತಲು ಒಲ್ಲೆನೆಂದಾಗ, ಊರಂಚಿಗೆ ಮಾನ್ವಿ ರಸ್ತೆಯಲ್ಲಿರುವ ಒಬ್ಬ ಮಿಸ್ತ್ರಿಯ ಗ್ಯಾರೇಜಿನಲ್ಲಿ ಬಿಟ್ಟೆ. ವಯಸ್ಸಾದ, ಮಿತಭಾಷಿ ಮನುಷ್ಯ. ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು ಎರಡನ್ನೂ ಹೊಸದು ಹಾಕಿಕೊಟ್ಟ. ಭಾನುವಾರ ಸಂಜೆ ಒಬ್ಬಳೇ ಓಡಿಸಿಕೊಂಡು ಮನೆಗೆ ತಂದೆ. ಗಾಡಿ ನೀರಿನ ಮೇಲೆ ತೇಲಿದ ಹಾಗೆ ಬಂತು.

ಸೋಮವಾರ ಬೆಳಿಗ್ಗೆ ಇಬ್ಬರು ಮಾಸ್ತರರೂ ಹತ್ತಿದರು. ಫಸ್ಟ್ ಗೇರ್ ಹಾಕಿ ಮೆಲ್ಲಗೆ ಕ್ಲಚ್ ಬಿಟ್ಟೆ. ಗಾಡಿ ಗಡಗಡ ನಡುಗಿತು. ವೇಗ ಹಿಡಿದ ಮೇಲೆ ತಾನೇ ಸುಮ್ಮನಾಯಿತು. ಗಬ್ಬೂರಿನಲ್ಲಿ ಎಮ್ಮೆಗಳು ಅಡ್ಡ ಬಂದವೆಂದು ನಿಲ್ಲಿಸಿ ಹೊರಟರೆ ಮತ್ತೆ ಅದೇ ನಡುಕ. ಹಿಂದಿ ಮಾಸ್ತರರ ತೊಡೆಯ ಮೇಲಿದ್ದ ಡಬ್ಬಿಯ ಮುಚ್ಚಳ ಸಡಿಲಾಗಿ, ಬ್ಯಾಳಿ ಸಾರು ಅವರ ಬಿಳಿ ಪ್ಯಾಂಟಿಗೆ ಇಳಿಯಿತು. ಅವರು ಡಬ್ಬಿಯನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡು ಕೂತರು.

ನನಗೆ ಗಾಬರಿ. ಪಿ.ಟಿ. ಮಾಸ್ತರು ಮಾತ್ರ ಸಮಾಧಾನವಾಗಿದ್ದರು.

"ಓಡೋಕಿಂತ ಮೊದಲ ವಾರ್ಮ್ ಅಪ್ ಮಾಡಾಕತ್ತದ್ರಿ ಮೇಡಂ. ನಮ್ಮ ಹುಡುಗರಿಗಿಂತ ಇದಕ್ಕ ಶಿಸ್ತು ಅದ."

ಎಡಗಾಲು

ಮರುದಿನ ಗಾಡಿಯನ್ನು ಮಿಸ್ತ್ರಿಗೆ ತೋರಿಸಿದೆ. ಅವನು ಒಬ್ಬನೇ ಕೂತು ಒಂದು ಸುತ್ತು ಹಾಕಿಕೊಂಡು ಬಂದ. ಎಲ್ಲೂ ನಡುಗಲಿಲ್ಲವಂತೆ. ಹೊಸ ಪ್ಲೇಟು ಕೂಡಿಕೊಳ್ಳಲು ಸ್ವಲ್ಪ ದಿನ ಬೇಕಾಗುತ್ತದೆ, ಓಡಿಸಿ ನೋಡಿ ಎಂದ. ಓಡಿಸಿದೆ. ಮಾಸ್ತರರು ಹತ್ತಿದರೆ ಸಾಕು, ಅದು ನಡುಗುತ್ತಲೇ ಇತ್ತು. ಮತ್ತೆ ಹೋದೆ. ಅವನು ಮತ್ತೆ ಸುತ್ತು ಹಾಕಿ ಬಂದು, ನೆಲ ನೋಡುತ್ತಾ ಬಲು ಮರ್ಯಾದೆಯಿಂದ ಹೇಳಿದ.

"ಗಾಡಿ ಬರಾಬರ್ ಅದ್ರಿ ಮೇಡಂ. ನಿಮ್ಮ ಎಡಗಾಲು ಸ್ವಲ್ಪ ಅವಸರ ಮಾಡತದ, ಅಷ್ಟ."

ಅವನು ಬೈದಿದ್ದರೆ ಜಗಳವಾಡಬಹುದಿತ್ತು. ಇಷ್ಟು ಮೆಲ್ಲಗೆ ಹೇಳಿದ್ದರಿಂದ ನಂಬಿಬಿಟ್ಟೆ. ಆ ಮಾತು ಮನೆಗೂ ಬಂತು. ಡ್ರೈವಿಂಗೇ ಬಾರದ ನನ್ನ ಗಂಡ ಊಟ ಮಾಡುವಾಗ ನನ್ನ ಕಾಲಿನ ಕಡೆ ನೋಡತೊಡಗಿದರು. ಗಾಡಿಯನ್ನು ತನಗೆ ಕೊಟ್ಟು ಬಸ್ಸಿಗೆ ಹೋಗುವುದೇ ಒಳ್ಳೆಯದೆಂದು ಮೈದುನ ಫೋನಿನಲ್ಲಿ ತಿಳಿಹೇಳಿದ. ದಿನಾ ಬೆಳಿಗ್ಗೆ ಪೆಡಲ್ಲಿನ ಮೇಲೆ ಕಾಲಿಡಲೇ ಹೆದರುತ್ತಿದ್ದೆ. ಹೀಗೆ ಹೆದರಿ ಓಡಿಸುವುದಕ್ಕಿಂತ ಮಾರಿಬಿಡುವುದೇ ವಾಸಿ ಎಂದು ಒಂದು ಸಂಜೆ ಗಂಡನ ಮುಂದೆ ಅಂದೆ. ಅವರು ನನ್ನನ್ನು ಸಮಾಧಾನ ಮಾಡಲೆಂದೇ ಬಾಯಿ ತೆರೆದಿದ್ದು.

"ಮಾರೂದೇನು ಬ್ಯಾಡ. ಆ ಮಿಸ್ತ್ರಿಯಾದರೂ ಏನ್ ಮಾಡ್ಯಾನು? ಕ್ಲಚ್ ಸಿಗತದ, ಹಾಕ್ಯಾನ. ಕಾಲು ಎಲ್ಲಿಂದ ತರಬೇಕು?"

ಮಾನ್ವಿಯ ಹಂಪುಗಳು

ನಮ್ಮವ್ವ ಮಲ್ಲಟದಲ್ಲಿ ಅಣ್ಣನ ಮನೆಯಲ್ಲಿರುತ್ತಾಳೆ. ಆ ಭಾನುವಾರ ಅವಳ ಕಣ್ಣು ತೋರಿಸಲು ಮಾನ್ವಿಗೆ ಹೋಗಬೇಕಿತ್ತು. ಅಣ್ಣ, ಅತ್ತಿಗೆ ಹಿಂದೆ ಕೂತರು, ಅವ್ವ ನನ್ನ ಪಕ್ಕ. ಮಾನ್ವಿಯ ಸಂದಣಿಯಲ್ಲಿ ರಸ್ತೆಗೆ ಅಡ್ಡ ಉಬ್ಬಿಸಿದ ಒಂದೊಂದು ಹಂಪಿಗೂ ನಿಧಾನ ಮಾಡಬೇಕು, ಒಂದೊಂದು ಹಂಪು ದಾಟಿದ ಮೇಲೂ ಗಾಡಿ ಗಡಗಡ ಅನ್ನಬೇಕು. ಅವ್ವ ಎರಡೂ ಕೈ ಡ್ಯಾಶ್‌ಬೋರ್ಡಿನ ಮೇಲಿಟ್ಟು ಗಂಭೀರವಾಗಿ ಕೂತಿದ್ದಳು. ಅವಳಿಗೂ ನನ್ನ ಕಾಲಿನ ತಪ್ಪು ತಿಳಿದುಹೋಯಿತಲ್ಲ ಎಂದು ನಾಚಿಕೆಯಾಯಿತು.

ಅವ್ವ ಬೇರೆಯವರ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದವಳು. ನಾನು ಚಿಕ್ಕವಳಿದ್ದಾಗ ಹೊಲದ ಧಣಿಯ ಜೀಪು ಓಣಿಗೆ ಬಂದರೆ ಎಲ್ಲರೂ ಗೋಡೆಗೆ ಸರಿದು ನಿಲ್ಲುತ್ತಿದ್ದೆವು. ಆ ಸಪ್ಪಳ ಕೇಳಿದರೇ ಅವಳ ಕೈ ನಡುಗುತ್ತಿದ್ದದ್ದು ನನಗೆ ಇನ್ನೂ ನೆನಪಿದೆ.

ಸಂಜೆ ಮಲ್ಲಟಕ್ಕೆ ಮರಳಿ ನಾನು ಒಳಗೆ ಚಹಾ ಕುಡಿಯುತ್ತಿದ್ದೆ. ಅವ್ವ ಕಟ್ಟೆಯ ಮೇಲೆ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಹೇಳುತ್ತಿದ್ದಳು.

"ಆವಾಗ ಗಾಡಿ ಬಂದ್ರ ನಾವು ನಡಗತಿದ್ವಿ. ಈಗ ನನ್ನ ಮಗಳು ಕಾಲಿಟ್ಟರ ಸಾಕವ್ವ, ಗಾಡೀನ ನಡಗತದ."

ನಾನು ಹೊರಗೆ ಹೋಗಿ ತಿದ್ದಲಿಲ್ಲ.

ತುಂಬಿದ ಗಾಡಿ

ರಾಯಚೂರಿಗೆ ಒಬ್ಬಳೇ ಮರಳಿದೆ. ದಾರಿಯಲ್ಲಿ ಎಷ್ಟೋ ಕಡೆ ನಿಲ್ಲಿಸಿ ಹೊರಟರೂ ಗಾಡಿ ಒಮ್ಮೆಯೂ ನಡುಗಲಿಲ್ಲ. ಆಗ ಹೊಳೆಯಿತು. ಒಬ್ಬಳೇ ಇದ್ದಾಗ ನಡುಕವಿಲ್ಲ, ಜನ ತುಂಬಿದಾಗ ಇದೆ. ಕಾಲು ಎರಡೂ ಸಲ ನನ್ನದೇ. ಮಿಸ್ತ್ರಿಯೋ, ಯಾವಾಗಲೂ ಒಬ್ಬನೇ ಓಡಿಸಿ ನೋಡಿದ್ದ.

ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು, ಮಾಸ್ತರರನ್ನು ಇಳಿಸದೆ ನೇರ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಕೇಳಿಸಿಕೊಂಡು ತಲೆ ಕೆರೆದುಕೊಂಡ. ನೋಡೋಣ ಎಂದು ತಾನೇ ಸ್ಟೇರಿಂಗ್ ಹಿಡಿದ, ನಾನು ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಎದುರಿನ ಬೇವಿನ ಗಿಡದ ಕೆಳಗೆ ಬಸ್ಸು ಕಾಯುತ್ತಿದ್ದ ಒಬ್ಬ ಮುದುಕಿ, ಬುಟ್ಟಿ ಸಮೇತ ಮಾಸ್ತರರನ್ನು ಸರಿಸಿ ಕೂತೇಬಿಟ್ಟಳು. ನಮ್ಮ ಕಡೆ ಜನ ತುಂಬಿ ನಿಂತ ಗಾಡಿ ಎಂದರೆ ಹೊರಡುವ ಗಾಡಿ. ಇದು ಮಾನ್ವಿಗೆ ಹೋಗುವುದಿಲ್ಲ ಎಂದು ಹಿಂದಿ ಮಾಸ್ತರು ವಿವರಿಸಲು ಹೋದರು. ಭಾರ ಇರಲಿ ಬಿಡ್ರಿ ಎಂದು ಮಿಸ್ತ್ರಿ ಕ್ಲಚ್ ಬಿಟ್ಟ.

ಗಾಡಿ ಗಡಗಡ ನಡುಗಿತು. ಅವನು ನಿಲ್ಲಿಸಿ ಇನ್ನೂ ಮೆಲ್ಲಗೆ ಬಿಟ್ಟ. ಇನ್ನೂ ಜೋರಾಗಿ ನಡುಗಿತು. ಮುದುಕಿ "ಯಪ್ಪಾ, ಸಾವಕಾಶ" ಎಂದಳು. ನಾನು ಕಿಟಕಿಯಾಚೆ ನೋಡಿದೆ. ಮುಖದಲ್ಲಿ ನಗು ಬಂದಿತ್ತು, ಅದು ಅವನಿಗೆ ಕಾಣುವುದು ಬೇಡವಾಗಿತ್ತು.

ಗ್ಯಾರೇಜಿಗೆ ಮರಳಿ ಅವನು ಬಾನೆಟ್ ಎತ್ತಿದ. ನನ್ನನ್ನು ಕೂರಿಸಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ರಿವರ್ಸ್ ಗೇರಿನಲ್ಲಿ ಕ್ಲಚ್ಚನ್ನು ಚೂರೇ ಬಿಡಲು ಹೇಳಿದ. ಇಂಜಿನ್ನು ಒಂದು ಮಗ್ಗುಲಿಗೆ ಎದ್ದು ಕುಣಿಯಿತು. ಇಂಜಿನ್ನು ಕೂರುವ ರಬ್ಬರು ಕೆಳಗಡೆಯಿಂದ ಹರಿದಿತ್ತು. ಭಾರ ಎಳೆಯುವಾಗ ಇಂಜಿನ್ನು ಅಲುಗಾಡಿ ಗಾಡಿಯನ್ನೆಲ್ಲ ನಡುಗಿಸುತ್ತಿತ್ತು.

"ಕ್ಲಚ್ಚಿಂದೂ ತಪ್ಪಿಲ್ರಿ, ನಿಮ್ಮ ಕಾಲಿಂದೂ ಇಲ್ಲ," ಎಂದ ಮಿಸ್ತ್ರಿ. "ಗೇರ್‌ಬಾಕ್ಸ್ ಇಳಿಸೂವಾಗ ಹಳೇ ರಬ್ಬರ್ ಹರದದ. ನಾ ನೋಡಬೇಕಿತ್ತು."

ಎಡಗಾಲಿನ ಆ ಮಾತು ಎಷ್ಟು ಭಾರವಾಗಿ ನನ್ನ ಮೇಲೆ ಕೂತಿತ್ತೆಂದು ಅದು ಇಳಿದಾಗಲೇ ಗೊತ್ತಾದದ್ದು. ಪಿ.ಟಿ. ಮಾಸ್ತರು ಹೋಗಿ ಹೊಸ ರಬ್ಬರು ತಂದರು, ಮಿಸ್ತ್ರಿ ಕೂರಿಸಿದ. ಈ ಗದ್ದಲದಲ್ಲಿ ಮುದುಕಿಯ ಬಸ್ಸು ತಪ್ಪಿತ್ತು. ಪರೀಕ್ಷೆಯೂ ಆದೀತು ಎಂದು ಅವಳನ್ನು ಬಸ್ ನಿಲ್ದಾಣಕ್ಕೆ ಬಿಡಲು ಎಲ್ಲರೂ ಮತ್ತೆ ಹತ್ತಿದೆವು. ಈ ಸಲ ಸ್ಟೇರಿಂಗ್ ನನ್ನ ಕೈಯಲ್ಲಿ, ಮಿಸ್ತ್ರಿ ನನ್ನ ಪಕ್ಕದಲ್ಲಿ.

ಮಾರ್ಕೆಟ್ಟಿನ ಸಂದಣಿಯಲ್ಲಿ ಹೆಜ್ಜೆಗೊಮ್ಮೆ ನಿಲ್ಲಿಸಿ ಹೊರಟೆ. ಗಾಡಿ ಒಂದು ಸಲವೂ ಮಿಸುಕಲಿಲ್ಲ. ಎಲ್ಲರೂ ಆ ಸುಖವನ್ನು ಅನುಭವಿಸುತ್ತಿದ್ದೆವು. ಮುದುಕಿ ಮಾತ್ರ ಒಮ್ಮೆ ನನ್ನನ್ನು, ಒಮ್ಮೆ ಮಿಸ್ತ್ರಿಯನ್ನು ನೋಡುತ್ತಿದ್ದಳು. ಇಳಿಯುವ ಜಾಗ ಬಂದಾಗ ಮುಂದೆ ಬಾಗಿ ಮಿಸ್ತ್ರಿಯ ಭುಜ ಮುಟ್ಟಿದಳು.

"ಬ್ಯಾಸರ ಮಾಡ್ಕೋಬ್ಯಾಡ ಯಪ್ಪಾ. ನಿನಗಿನ್ನೂ ಗಾಡಿ ಬರವಲ್ದು. ದಿನಾ ಹಿಂಗ ಈ ಯವ್ವನ ಬಾಜೂಕ ಕುಂತು ನೋಡು, ಕಲೀತಿ."

ಮಿಸ್ತ್ರಿ ನೆಟ್ಟಗೆ ರಸ್ತೆಯನ್ನೇ ನೋಡುತ್ತಾ, "ಆಗಲಿ ಯವ್ವಾ" ಎಂದ.