ರಾಗಿ ಬಿಯರೂ ಭಟ್ಟರನ್ನು ಕರೆಸುವ ಚಟವೂ

ದೊಡ್ಡ ನಗರ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನ್ನದು ಒಂದೇ ಉತ್ತರ: ‘ಏನ್ ಸಾರ್, ಈ ಕಡೆ?’ ಎಂದು ಯಾರೂ ನಿಮ್ಮನ್ನು ಕೇಳದ ಊರು. ಈ ಪ್ರಕಾರ ಭದ್ರಾವತಿಯವರಾದ ನಮಗೆ ಶಿವಮೊಗ್ಗ ದೊಡ್ಡ ನಗರವೇ. ಬಸ್ಸಿನಲ್ಲಿ ಕೂತು ಒಂದು ತೂಕಡಿಕೆ ಮುಗಿಸುವುದರೊಳಗೆ ಬಂದುಬಿಡುವ ಊರಾದರೂ ಅಲ್ಲಿ ನಾನು ಯಾರೋ, ನೀವು ಯಾರೋ. ಅದಕ್ಕೇ ಭದ್ರಾವತಿಯ ನಮ್ಮ ಕಾಗದನಗರ ಬಡಾವಣೆಯ ಮರ್ಯಾದಸ್ಥರು ಕುಡಿಯುವುದಿದ್ದರೆ ಶಿವಮೊಗ್ಗಕ್ಕೆ ಹೋಗುತ್ತಾರೆ, ಶಿವಮೊಗ್ಗದ ಮರ್ಯಾದಸ್ಥರು ಭದ್ರಾವತಿಗೆ ಬರುತ್ತಾರೆ. ದಾರಿಯಲ್ಲಿ ಎರಡು ಬಸ್ಸುಗಳು ಎದುರಾದಾಗ ಎರಡರೊಳಗಿನವರೂ ಮುಖವನ್ನು ಆಚೆ ಕಿಟಕಿಗೆ ತಿರುಗಿಸಿಕೊಳ್ಳುತ್ತಾರೆ. ನಾನು ಕುಡುಕನಲ್ಲ, ದಯವಿಟ್ಟು ಹಾಗೆಂದುಕೊಳ್ಳಬೇಡಿ. ಎಲ್ಲೋ ಅಪರೂಪಕ್ಕೊಂದು ಬಿಯರು. ಆದರೆ ಹಣೆ ತುಂಬ ವಿಭೂತಿ ಬಳಿದುಕೊಂಡು, ನಮ್ಮ ಬೀದಿಯ ಹುಡುಗರಿಗೆ ದುಶ್ಚಟಗಳ ಮೇಲೆ ಭಾಷಣ ಬಿಗಿಯುವವನು ನಾನು. ಇಂಥವನ ಅಪರೂಪದ ಬಿಯರಿಗೆ ಕುಡುಕನ ದಿನನಿತ್ಯದ ಬಾಟಲಿಗಿಂತ ಹೆಚ್ಚಿನ ಗುಟ್ಟು ಬೇಕಾಗುತ್ತದೆ.

ಶಿವಮೊಗ್ಗದಲ್ಲಿ ಸ್ವಂತವಾಗಿ ಬಿಯರು ತಯಾರಿಸಿ ಕೊಡುವ ಜಾಗವೊಂದು ಶುರುವಾಗಿದೆ, ಅದಕ್ಕೆ ಕ್ರಾಫ್ಟ್ ಬಿಯರು ಅನ್ನುತ್ತಾರೆ ಎಂಬ ಸುದ್ದಿ ಕ್ಷೌರದಂಗಡಿಯಲ್ಲಿ ಕಿವಿಗೆ ಬಿತ್ತು. ಕ್ರಾಫ್ಟ್ ಎಂದರೆ ನನಗೆ ಗೊತ್ತಿದ್ದದ್ದು ಶಾಲೆಯ ಕ್ರಾಫ್ಟ್ ಪೀರಿಯಡ್ಡು. ಅಲ್ಲಿ ತೆಂಗಿನ ನಾರಿನ ಹಗ್ಗ ಹೊಸೆದು ಅಂಗೈ ಕೆಂಪಾಗಿಸಿಕೊಳ್ಳುತ್ತಿದ್ದೆವು. ಈ ಹೊಸ ಕ್ರಾಫ್ಟಿನ ರುಚಿ ನೋಡಲೇಬೇಕೆಂಬ ಆಸೆ ಹತ್ತಿಕೊಂಡಿತು. ಪಕ್ಕದ ಮನೆಯ ಬಷೀರ್ ಗ್ಯಾರೇಜಿನವನು. ಬಿಡಿಭಾಗ ತರಲು ಆಗಾಗ ಶಿವಮೊಗ್ಗಕ್ಕೆ ಹೋಗುತ್ತಾನೆ. ಜನ್ಮದಲ್ಲಿ ಮದ್ಯ ಮುಟ್ಟಿದವನಲ್ಲ. ಅವನ ಹತ್ತಿರ ಮೆಲ್ಲಗೆ ಬಾಯಿಬಿಟ್ಟೆ.

“ನಡೀರಿ ರುದ್ರಣ್ಣ, ಕ್ಲಚ್ ಪ್ಲೇಟ್ ತಗೊಂಡು ಹಂಗೇ ಹೋಗಿ ಬರೋಣ. ನಾನು ಲಿಂಬು ಸೋಡಾ ಕುಡ್ದು ಗಾಡಿ ಓಡಿಸ್ತೀನಿ. ಆದ್ರೆ ನಮ್ಮ ಅಮ್ಮೀಗೆ ಮಾತ್ರ ಗೊತ್ತಾಗ್ಬಾರ್ದು ಮಾರಾಯ್ರೇ, ಸೋಡಾ ಅಂದ್ರೆ ನಂಬಲ್ಲ,” ಅಂದ.

ಗುಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ನನ್ನ ಮಗ ಕಿರಣ ಕಂಡ ಹುಡುಗಿಯರನ್ನೆಲ್ಲ ಬೇಡ ಬೇಡ ಎನ್ನುತ್ತ ಬಂದು, ಹಿಂದಿನ ವಾರವಷ್ಟೇ ಹೊಸಮನೆ ಬಡಾವಣೆಯ ಅಕ್ಷತಾ ಎಂಬ ಹುಡುಗಿಯನ್ನು ಒಪ್ಪಿದ್ದ. ನಮ್ಮ ಕಡೆಯಿಂದ ಮಾತು ಕೊಡುವುದೊಂದೇ ಬಾಕಿ. “ಮಗಳು ಆಹಾರದ ಕಂಪನೀಲಿ ಕ್ವಾಲಿಟಿ ನೋಡ್ಕೋತಾಳೆ. ಧಾನ್ಯದ ಪದಾರ್ಥಗಳು,” ಎಂದಿದ್ದರು ಅವರಪ್ಪ. ಹುರಿಹಿಟ್ಟು ಗಿರಿಹಿಟ್ಟು ಇರಬೇಕೆಂದು ನಾನು ಮೆಚ್ಚಿ ತಲೆಯಾಡಿಸಿದ್ದೆ. ನಮ್ಮ ಮನೆತನದ ಬಗ್ಗೆ ಅವರು ಕೇಳಿದಾಗ, “ನಮ್ಮಲ್ಲಿ ಕಾಫೀನೂ ಸ್ಟ್ರಾಂಗ್ ಕುಡಿಯಲ್ಲ ಸ್ವಾಮಿ,” ಎಂದುಬಿಟ್ಟಿದ್ದೆ. ಈಗ ಯಾರಾದರೂ ನನ್ನನ್ನು ಬಿಯರಿನ ಲೋಟದೊಂದಿಗೆ ಕಂಡರೆ ಮಗನ ಮದುವೆಯೂ ಹೋಯಿತು, ನನ್ನ ಮಾನವೂ ಹೋಯಿತು.

ಒಳಗೆ ಕಾಲಿಟ್ಟೊಡನೆ ಮೊದಲ ಆಘಾತ. ಕತ್ತಲೆ, ಹೊಗೆ, ಮೂಲೆಯ ಟೇಬಲ್ಲು ಯಾವುದೂ ಇಲ್ಲ. ಝಗಮಗ ಬೆಳಕು. ಗಾಜಿನಾಚೆ ಹಾಲಿನ ಡೈರಿಯಂತೆ ಸ್ಟೀಲ್ ಟ್ಯಾಂಕುಗಳ ಸಾಲು. ಜನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ಹಪ್ಪಳ ಮುರಿಯುತ್ತಿದ್ದಾರೆ! ಕಳ್ಳತನಕ್ಕೆಂದು ಹೋದವನನ್ನು ಮನೆಯವರೇ ಬಾಗಿಲಲ್ಲಿ ನಿಂತು ‘ಬನ್ನಿ, ಕೂತ್ಕೊಳ್ಳಿ’ ಎಂದರೆ ಹೇಗಾಗುತ್ತದೋ ನನಗೆ ಹಾಗಾಯಿತು. ಮಾಣಿಯನ್ನು ಕರೆದು, “ನಿಮ್ಮ ಲೋಕಲ್ ಬಿಯರು ಕೊಡಪ್ಪ,” ಎಂದೆ. ಅವನು ಪ್ರಾಮಾಣಿಕ. ಮಾಲ್ಟು ಜರ್ಮನಿಯದು, ಇನ್ನೊಂದೆಂಥದೋ ಹೂವು ಅಮೆರಿಕದ್ದು ಎಂದು ಒಪ್ಪಿಸಿದ. “ಹಾಗಾದ್ರೆ ಲೋಕಲ್ ಯಾವ್ದಯ್ಯಾ?” “ನೀರು, ಸಾರ್.” ಅಷ್ಟಕ್ಕಾಗಿ ಭದ್ರಾವತಿಯಿಂದ ಬರಬೇಕಿತ್ತೇ ಎಂದು ಮುಖ ಸಿಂಡರಿಸಿದೆ. ಅವನಿಗೆ ಪಾಪ ಎನಿಸಿತೇನೋ, “ರಾಗಿದೊಂದಿದೆ ಸಾರ್. ಬೆಲ್ಲ ಹಾಕಿರೋದು, ಇಲ್ಲೇ ಕಂಡ್ಹಿಡಿದಿರೋದು,” ಎಂದ.

ಅದು ಬಂತು. ಕುಡಿದೆ. ಅಯ್ಯೋ, ಏನು ಹೇಳಲಿ! ರಾಗಿ ಹುರಿಯುವಾಗ ಅಡುಗೆಮನೆಯಿಂದ ಬರುವ ಘಮ, ಹಿಂದೆಯೇ ಬೆಲ್ಲದ ಸಣ್ಣ ಸಿಹಿ, ಕೊನೆಯಲ್ಲಿ ನಾಲಿಗೆಗೆ ತಾಗಿಯೂ ತಾಗದಂಥ ಕಹಿ. ಇಷ್ಟು ವರ್ಷ ಬಾಟಲಿಯಲ್ಲಿ ಕುಡಿದದ್ದು ಬರೀ ಬೇವಿನ ಕಷಾಯವೆಂದು ಜ್ಞಾನೋದಯವಾಯಿತು. ಅಲ್ಲಿಗೇ ನಿಲ್ಲಿಸಿ ಎದ್ದು ಬರಬಹುದಿತ್ತು. ಆದರೆ ನನಗೊಂದು ಚಟವಿದೆ, ಬಿಯರಿಗಿಂತ ಕೆಟ್ಟದ್ದು. ಮದುವೆಮನೆಯಲ್ಲಿ ಊಟ ಚೆನ್ನಾಗಿದ್ದರೆ ಎಲೆಯ ಮುಂದೆ ಕೂತೇ ಅಡುಗೆ ಭಟ್ಟರನ್ನು ಕರೆಸಿ ನಾಲ್ಕು ಜನರೆದುರು ಹೊಗಳದಿದ್ದರೆ ಉಂಡದ್ದು ಜೀರ್ಣವಾಗುವುದಿಲ್ಲ. ನಮ್ಮಪ್ಪ ಹಾಗೆ ಮಾಡುತ್ತಿದ್ದರು, ನಾನೂ ಮಾಡುತ್ತೇನೆ.

“ಇದನ್ನ ಮಾಡಿದ ಭಟ್ಟರನ್ನ ಕರಿಯಪ್ಪ,” ಎಂದೆ ಜೋರಾಗಿ.

“ಬ್ಯಾಡ ರುದ್ರಣ್ಣ, ಸುಮ್ಕಿರಿ,” ಎಂದು ಬಷೀರ್ ನನ್ನ ತೋಳು ಜಗ್ಗಿದ. ನಾನು ಕೇಳಲಿಲ್ಲ. ಗಾಜಿನ ಬಾಗಿಲು ತೆರೆಯಿತು. ಮೊಣಕಾಲುದ್ದದ ರಬ್ಬರ್ ಬೂಟು, ತಲೆಗೆ ಟೋಪಿ, ಕೈಯಲ್ಲೊಂದು ಉದ್ದನೆಯ ಗಾಜಿನ ನಳಿಗೆ. ಟೋಪಿಯ ಕೆಳಗಿದ್ದದ್ದು, ಹಿಂದಿನ ವಾರ ರೇಷ್ಮೆ ಸೀರೆಯುಟ್ಟು ನಮಗೆ ಉಪ್ಪಿಟ್ಟು ಕೊಟ್ಟು ನಮಸ್ಕಾರ ಮಾಡಿದ್ದ ಅಕ್ಷತಾಳ ಮುಖ.

ನನ್ನನ್ನು ಕಂಡು ಅವಳು ಬಿಳಿಚಿಕೊಂಡಳು. ಆ ಕ್ಷಣದಲ್ಲಿ ಬಷೀರ್ ಮಾಡಿದ ತ್ಯಾಗವನ್ನು ನಾನು ಸಾಯುವವರೆಗೆ ಮರೆಯಲಾರೆ. ಜನ್ಮದಲ್ಲಿ ಮದ್ಯ ಮುಟ್ಟದ ಆ ಪುಣ್ಯಾತ್ಮ ತನ್ನ ಲಿಂಬು ಸೋಡಾವನ್ನು ಸರಕ್ಕನೆ ನನ್ನ ಮುಂದೆ ತಳ್ಳಿ, ನನ್ನ ಲೋಟವನ್ನು ಎಳೆದುಕೊಂಡು, “ಇದು ನಂದು ಮೇಡಂ, ರುದ್ರಣ್ಣಂದು ಸೋಡಾ,” ಅಂದುಬಿಟ್ಟ.

ಅಕ್ಷತಾ ನಮ್ಮಿಬ್ಬರನ್ನೂ ನೋಡಿದಳು. “ಇರ್ಬೋದು ಭಾಯ್. ಆದ್ರೆ ನೊರೆ ಅಂಕಲ್ ಮೀಸೆ ಮೇಲಿದೆಯಲ್ಲ,” ಎಂದಳು.

ಮೀಸೆ ಒರೆಸಿಕೊಂಡೆ. ಅವಳು ದನಿ ತಗ್ಗಿಸಿ, “ಅಂಕಲ್, ಆಂಟಿಗೆ ಹೇಳ್ತೀರಾ?” ಎಂದಳು. “ನೀನು ನಿಮ್ಮಪ್ಪಂಗೆ ಹೇಳ್ತೀಯೇನಮ್ಮಾ?” ಎಂದೆ. ಇಬ್ಬರೂ ಹೇಳುವುದಿಲ್ಲವೆಂದು ತಲೆಯಾಡಿಸಿದೆವು. ಸ್ವಲ್ಪ ಧೈರ್ಯ ಬಂದು, ಕಿರಣನಿಗಾದರೂ ಗೊತ್ತೇ ಎಂದು ಕೇಳಿದೆ. “ಮೊದಲ್ನೇ ದಿನವೇ ಹೇಳಿದೀನಿ ಅಂಕಲ್. ಅದಕ್ಕವ್ರು, ‘ನಂಗೇನೂ ತೊಂದ್ರೆ ಇಲ್ಲ, ಅಪ್ಪಂಗೆ ಮಾತ್ರ ಗೊತ್ತಾಗ್ಬಾರ್ದು. ಬಹಳ ಸ್ಟ್ರಿಕ್ಟು, ಎದೆ ಒಡ್ಕೊಂಬಿಡ್ತಾರೆ’ ಅಂದ್ರು.” ತನ್ನ ಸೋಡಾ ವಾಪಸ್ ಎಳೆದುಕೊಂಡು ಕುಡಿಯುತ್ತಿದ್ದ ಬಷೀರ್, ಅದು ನೆತ್ತಿಗೇರಿ ಕೆಮ್ಮತೊಡಗಿದ. ನನಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಆದರೂ ಹೇಳಬೇಕಾದದ್ದನ್ನು ಹೇಳಿಯೇ ಎದ್ದೆ: “ರಾಗಿ ಹದವಾಗಿ ಹುರಿದಿದೀಯ ಮಗಳೇ.” ಅವಳ ಕಣ್ಣುಗಳು ಹೊಳೆದವು.

ದಾರಿಯುದ್ದಕ್ಕೂ ಏಲಕ್ಕಿ ಅಗಿಯುತ್ತ ಮನೆಗೆ ಬಂದೆ. ಹೆಂಡತಿ ಗಿರಿಜೆ ಹೂಬತ್ತಿ ಹೊಸೆಯುತ್ತ ಕೂತಿದ್ದಳು. “ಹೊಸಮನೆಯವ್ರಿಗೆ ಮಾತು ಕೊಡ್ಬೇಕು. ಆ ಹುಡುಗಿ ಬಗ್ಗೆ ನೀವೇನಂತೀರಿ?” ಎಂದು ಕೇಳಿದಳು. ಹುಡುಗಿಯ ಪರವಾಗಿ ಗಟ್ಟಿಯಾಗಿ ಮಾತಾಡಲೇಬೇಕೆಂದು ದಾರಿಯಲ್ಲೇ ನಿಶ್ಚಯಿಸಿದ್ದೆನಲ್ಲ, “ಕಣ್ಮುಚ್ಚಿ ಒಪ್ಕೋಬೋದು ಕಣೇ. ಕೈರುಚಿ ಅಂದ್ರೆ ಕೈರುಚಿ!” ಎಂದೆ.

“ಅವತ್ತಿನ ಉಪ್ಪಿಟ್ಟು, ಕೇಸರಿಬಾತು ಎರಡೂ ಹೋಟೆಲಿಂದ ತರಿಸಿದ್ದು ಅಂತ ಅವ್ರಮ್ಮನೇ ಹೇಳಿದ್ರಲ್ಲ,” ಎಂದಳು ಗಿರಿಜೆ, ಬತ್ತಿಯಿಂದ ಕಣ್ಣೆತ್ತದೆ.

ನಾನು ಏಲಕ್ಕಿಯನ್ನು ಇಡಿಯಾಗಿ ನುಂಗಿದೆ.

“ಕಿರಣ ನಂಗೆ ಮೊನ್ನೇನೇ ಎಲ್ಲ ಹೇಳಿದಾನೆ. ನಿಮ್ಗೆ ಹೇಗಪ್ಪಾ ಹೇಳೋದು ಅಂತ ನಾವಿಬ್ರೂ ಎರಡು ದಿನದಿಂದ ನಿದ್ದೆಗೆಟ್ಟಿದೀವಿ,” ಎಂದವಳು ಈಗ ತಲೆಯೆತ್ತಿ ನನ್ನ ಮೀಸೆಯನ್ನೇ ದಿಟ್ಟಿಸಿದಳು. “ಯಾವುದು ಕುಡಿದ್ರಿ? ಗೋಧಿದೋ, ರಾಗಿದೋ?”

“ರಾಗಿದು,” ಎಂದೆ.