ಕಳ್ಳಜೇಬಿನ ಬಹಿರಂಗ ಚರ್ಚೆ

ಇಂದ: ಮುನಿವೆಂಕಟಪ್ಪ, ದರ್ಜಿ, ಗೂಡಿನ ಮಾರುಕಟ್ಟೆ ಎದುರು, ಶಿಡ್ಲಘಟ್ಟ.

ಗೆ: ಕೋನಪ್ಪನವರು, ಅಧ್ಯಕ್ಷರು, ತಾಲ್ಲೂಕು ದರ್ಜಿಗಳ ಸಂಘ, ಶಿಡ್ಲಘಟ್ಟ.

ದಿನಾಂಕ: ೩ನೇ ಜುಲೈ ೧೯೬೨

ವಿಷಯ: ಕಳ್ಳಜೇಬಿನ ಪೇಟೆಂಟ್ ತಕರಾರನ್ನು ಸಂಘದ ತುಂಬಿದ ಸಭೆಯಲ್ಲಿ ಚರ್ಚಿಸಲು ಅಪ್ಪಣೆ ಕೋರಿ.

ಉಲ್ಲೇಖ: ಕಳೆದ ಸಭೆಯಲ್ಲಿ ಅರ್ಜಿದಾರನು ಎದ್ದು ನಿಂತಾಗ ತಾವು "ಕೂತ್ಕೊಳ್ಳಯ್ಯ, ಸಾಕು" ಎಂದದ್ದು.

ಮಾನ್ಯರೇ,

ಸದರಿ ಅರ್ಜಿದಾರನು ತಲೆ ಬಾಗಿಸಿ (ಹೊಲಿಗೆ ಯಂತ್ರದ ಮೇಲೆ ಬಾಗಿ ಬಾಗಿ ಈಗದು ನೆಟ್ಟಗಾಗುವುದೂ ಇಲ್ಲ) ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ರೇಷ್ಮೆಗೂಡು ಮಾರಿದ ರೈತ ಬಸ್ಸು ಹತ್ತುವಷ್ಟರಲ್ಲಿ ಜೇಬುಗಳ್ಳರ ಕೈಗೆ ಸಿಕ್ಕಿ ಬರಿಗೈ ಆಗುತ್ತಿದ್ದ ಕಾಲವೊಂದಿತ್ತು. ಇಂಥ ರೈತರ ಗೋಳು ನೋಡಲಾರದೆ ಅರ್ಜಿದಾರನು ಪಟಾಪಟಿ ಚಡ್ಡಿಯೊಳಗೆ ಒಂದು ಕಳ್ಳಜೇಬನ್ನು ಕಂಡುಹಿಡಿದನು. ಲಾಡಿ ಬಿಗಿದರೆ ಅದರ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಚಡ್ಡಿಯಲ್ಲಿ ಅದು ಯಾವ ಕಡೆ ಇದೆಯೆಂದು ಇಲ್ಲಿ ಬರೆಯುವುದಿಲ್ಲ. ಕಾರಣ, ಈ ಅರ್ಜಿ ಸಂಘದ ಗುಮಾಸ್ತರ ಕೈಯಿಂದ ಟೀ ಅಂಗಡಿಗೆ ಹೋಗಿಯೇ ತಮ್ಮ ಬಳಿ ಬರುತ್ತದೆ.

೨. ತರುವಾಯ ತಮ್ಮ ಅಂಗಡಿಯ ಬೋರ್ಡಿನ ಮೇಲೆ "ಕಳ್ಳಜೇಬು: ಕೋನಪ್ಪನವರ ಸ್ವಂತ ಪೇಟೆಂಟ್" ಎಂಬ ಕೆಂಪು ಅಕ್ಷರಗಳು ಎದ್ದವು. ಅಂದಿನಿಂದ ಅರ್ಜಿದಾರನೇ ತಮ್ಮದನ್ನು ಕದ್ದನೆಂದು ಊರು ಆಡಿಕೊಳ್ಳುತ್ತಿದೆ. ಅವನ ಹೆಂಡತಿ ಗಂಗುಲಮ್ಮ ನಲ್ಲಿಯ ಬಳಿ ಹೋದರೆ ಹೆಂಗಸರು ತಮ್ಮ ತಮ್ಮ ಬಿಂದಿಗೆಗಳನ್ನು ಹತ್ತಿರ ಎಳೆದುಕೊಳ್ಳುತ್ತಾರೆ. "ನಿಮ್ಮ ಜೇಬು ಹಾಳಾಗೋಗ್ಲಿ. ನಾನು ತಲೆ ಎತ್ಕೊಂಡು ನೀರು ತರೋ ಹಂಗೆ ಮಾಡ್ರಿ ಸಾಕು" ಎಂದು ಆಕೆ ಅತ್ತಳು.

೩. ಆದ್ದರಿಂದ ಚಿಕ್ಕಬಳ್ಳಾಪುರದ ವಕೀಲರೊಬ್ಬರನ್ನು ಕಂಡು, ಪೇಟೆಂಟ್ ಪಡೆಯುವುದು ಹೇಗೆಂದು ಕೇಳಿದನು.

"ಜೇಬು ಎಲ್ಲಿದೆ, ಹೆಂಗಿದೆ ಅಂತ ಚಿತ್ರ ಬರ್ದು ಕೊಡಪ್ಪ. ಸರ್ಕಾರದೋರು ಅದನ್ನ ಎಲ್ರಿಗೂ ಕಾಣೋ ಹಂಗೆ ಅಚ್ಚು ಹಾಕ್ತಾರೆ" ಎಂದರು.

"ಜೇಬುಗಳ್ಳರಿಗೂನಾ ಸ್ವಾಮಿ?"

"ಕಾನೂನಿನ ಮುಂದೆ ಎಲ್ರೂ ಒಂದೇ ಕಣಪ್ಪ."

ಬಂದ ದಾರಿಗೆ ಸುಂಕವಿಲ್ಲವೆಂದು ಅರ್ಜಿದಾರನು ಹಿಂದಿರುಗಿದನು.

೪. ಸಂಘದಲ್ಲಿ ಬಾಯಿ ತೆರೆದರೆ ತಾವು, "ನಮ್ಮ ನಮ್ಮ ಜಗಳ ಬೀದಿಗೆ ಬಂದ್ರೆ ಕಸುಬಿನ ಮರ್ಯಾದೆ ಹೋಗುತ್ತೆ, ಗಿರಾಕಿಗಳ ದುಡ್ಡೂ ಹೋಗುತ್ತೆ" ಎಂದಿರಿ. ಮಾತು ಸರಿಯೇ. ಆದರೆ ಬೀದಿಗೆ ಬೋರ್ಡು ನೇತುಹಾಕಿ, ಚರ್ಚೆ ಮಾತ್ರ ನಾಲ್ಕು ಗೋಡೆಯೊಳಗೂ ಬೇಡವೆನ್ನುವುದು ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗಿದ ಹಾಗೆ. ಕಸುಬಿನವರು ಕೂತು ಆಡದ ಮಾತನ್ನು ನಲ್ಲಿಯ ಬಳಿ ನಿಂತವರು ಆಡುತ್ತಾರೆ.

೫. ಸಾಕ್ಷಿ ತಾ ಎಂದಿರಿ. ಗಿರಾಕಿಗಳನ್ನು ಕರೆದರೆ, ಸಾಕ್ಷಿ ಹೇಳುವುದೂ ಒಂದೇ, ದುಡ್ಡು ಎಲ್ಲಿಟ್ಟಿದ್ದೇವೆಂದು ಸಾರುವುದೂ ಒಂದೇ ಎಂದು ಸೊಂಟ ಹಿಡಿದುಕೊಂಡು ಓಡಿದರು. ಕೊನೆಗೆ ಒಪ್ಪಿದವನು ಮಾರುಕಟ್ಟೆಯ ಹೆಸರಾಂತ ಜೇಬುಗಳ್ಳ ಬಯ್ಯಪ್ಪ. "ಕೋನಪ್ಪಣ್ಣ ಹೊಲಿಯೋಕೆ ಮುಂಚೆನೇ ನಿನ್ನ ಜೇಬು ನನ್ನ ಅನ್ನ ಕಿತ್ಕೊಂಡಿತ್ತು ಕಣಣ್ಣೋ. ಯಾವ ದೇವ್ರ ಮುಂದೆ ಬೇಕಾದ್ರೂ ಹೇಳ್ತೀನಿ" ಎಂದನು. ಇಷ್ಟು ದೊಡ್ಡ ಊರಿನಲ್ಲಿ ಅರ್ಜಿದಾರನು ಕಳ್ಳನಲ್ಲವೆಂದು ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ. ಅರ್ಜಿದಾರನಿಗೆ ಕಣ್ಣಲ್ಲಿ ನೀರು ಬಂತು. ಆದರೂ ಬಯ್ಯಪ್ಪ ಎದ್ದು ಹೋದ ಮೇಲೆ ತನ್ನ ಜೇಬು ಮುಟ್ಟಿ ನೋಡಿಕೊಂಡನು.

೬. ಚರ್ಚೆಯಾದರೆ ಗುಟ್ಟು ರಟ್ಟಾಗಿ ಈ ಜೇಬಿನ ವ್ಯಾಪಾರ ಅಂದಿಗೇ ಮುಗಿಯುತ್ತದೆಂದು ಅರ್ಜಿದಾರನಿಗೆ ಚೆನ್ನಾಗಿ ಗೊತ್ತು. ಮುಗಿಯಲಿ. ಜೇಬು ಹೋದರೆ ಇನ್ನೊಂದು ಹೊಲಿಯಬಹುದು, ಹೆಸರಿಗೆ ತೇಪೆ ಹಾಕುವ ವಿದ್ಯೆ ಅವನಿಗೆ ಬಾರದು.

ಆದ್ದರಿಂದ ಮುಂದಿನ ಸಭೆಯಲ್ಲಿ ಬಾಗಿಲು ತೆರೆದಿಟ್ಟು ಚರ್ಚೆ ನಡೆಸಬೇಕಾಗಿಯೂ, ಬಯ್ಯಪ್ಪನು ಸಾಕ್ಷಿ ನುಡಿದು ಹೊರಡುವವರೆಗೆ ಪೊಲೀಸರಿಗೆ ತಿಳಿಸಬಾರದಾಗಿಯೂ, ಸದಸ್ಯರು ಅಂದು ದುಡ್ಡನ್ನು ಮನೆಯಲ್ಲೇ ಇಟ್ಟು ಬರಬೇಕಾಗಿಯೂ ಪ್ರಾರ್ಥನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ಮುನಿವೆಂಕಟಪ್ಪ

ಲಗತ್ತುಗಳು:

೧. ಬಯ್ಯಪ್ಪನ ಎಡಗೈ ಹೆಬ್ಬೆಟ್ಟಿನ ಗುರುತು. (ಉಳಿದ ಬೆರಳುಗಳದ್ದು ಠಾಣೆಯಲ್ಲಿ ದೊರೆಯುತ್ತದೆ.)

೨. ಅರ್ಜಿದಾರನು ಹೊಲಿದ ಮೂಲ ಚಡ್ಡಿ. ಬೋರ್ಡು ಏಳುವುದಕ್ಕೆ ಮುಂಚೆ ತಮ್ಮ ಭಾವಮೈದುನರು ಬಂದು, ಅವರದ್ದಲ್ಲ, ತಮ್ಮ ಸೊಂಟದ ಅಳತೆ ಕೊಟ್ಟು ಹೊಲಿಸಿಕೊಂಡು ಹೋದದ್ದು. ಸದ್ಯ ತಮ್ಮ ಮೈಮೇಲೆ ಇರುವುದರಿಂದ ಲಗತ್ತಿಸಿಲ್ಲ. ಸಭೆಗೆ ದಯಮಾಡಿ ಅದನ್ನೇ ಧರಿಸಿ ಬರುವುದು.